ಮರಿಯವ್ವ ಏನಂದಳು

ಟಿಕೋಟ
14 ಆಗಸ್ಟ್ 1960

ಚಂದ್ರಕ್ಕಗೆ,

ಈ ಕಾಗದ ನೋಡಿ ಊರಲ್ಲಿ ಯಾರೋ ಹೋದರೆಂದು ತಿಳಿಯಬೇಡ. ಎಲ್ಲರೂ ಇದ್ದಾರೆ, ಕೆಲವರು ಅಗತ್ಯಕ್ಕಿಂತ ಹೆಚ್ಚೇ ಇದ್ದಾರೆ. ಇಪ್ಪತ್ತಾರು ವರ್ಷದಲ್ಲಿ ನಾನು ನಿನಗೆ ಬರೆದ ಕಾಗದ ಎರಡು: ಅಪ್ಪ ಹೋದಾಗ ಒಂದು, ಭಾವನವರು ಹೋದಾಗ ಒಂದು. ಇದರಲ್ಲೂ ಒಂದು ಸಾವಿದೆ, ಆದರೆ ನಮ್ಮ ಮನೆಯದಲ್ಲ.

ನಮ್ಮೂರ ಸಣ್ಣಾಟದ ಮೇಳದವರು ಹೊಸ ಕಥೆ ಬೇಕೆಂದು ನನ್ನ ಬೆನ್ನು ಹತ್ತಿದ್ದಾರೆ. ಹಳೆಯ ಮೂರು ಆಟಗಳನ್ನು ಜನ ಎಷ್ಟು ಸಲ ನೋಡಿದ್ದಾರೆಂದರೆ, ಪಾತ್ರಧಾರಿ ಮಾತು ಮರೆತರೆ ಕೂತವರೇ ಹೇಳಿಕೊಡುತ್ತಾರೆ. ಊರಲ್ಲಿ ಬಿ.ಎ. ಆದ ಮಾಸ್ತರ ನಾನೊಬ್ಬನೇ, ಪ್ರಾಸದ ಚಟದವನೂ ನಾನೊಬ್ಬನೇ. ಎರಡೂ ರೋಗಕ್ಕೆ ಒಂದೇ ಔಷಧ ಎಂದು ಬರೆಯಲು ಕೂಡಿಸಿದರು.

ಕಥೆ ಸಿಕ್ಕದ್ದು ಅವ್ವನ ಟ್ರಂಕಿನಲ್ಲಿ. ಕೀಲು ಮುರಿದಿತ್ತೆಂದು ಖಾಲಿ ಮಾಡಿದಾಗ ತಳದಲ್ಲಿ ನೀನು ಬಿಟ್ಟುಹೋದ ಸಣ್ಣ ಪುಸ್ತಕ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳದ್ದು, ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅವ್ವನಿಗೆ ಓದಲು ಬರುವುದಿಲ್ಲ. ಇಲಿಗೆ ಬರುತ್ತಿತ್ತೆಂದು ಕಾಣುತ್ತದೆ. ಮೊದಲಿನ ಐದಾರು ಪುಟ, ಕೊನೆಯ ಹತ್ತಾರು ಪುಟ ಅದು ತಿಂದು ಮುಗಿಸಿದೆ. ಉಳಿದದ್ದನ್ನು ನಾನು ಓದಿದೆ. ಎರಡು ದಿನ ಸಾಲಿಯಲ್ಲಿ ಏನು ಕಲಿಸಿದೆನೋ ನೆನಪಿಲ್ಲ. ಪ್ರಶ್ನೆ ಕೇಳಿದವರಿಗೆಲ್ಲ ಆ ಮನುಷ್ಯ ತಿರುಗಿ ಪ್ರಶ್ನೆಯನ್ನೇ ಕೇಳುತ್ತಾನಲ್ಲ! ಇಂಥವನನ್ನು ನಮ್ಮ ಆಟದಲ್ಲಿ ತಂದು ನಿಲ್ಲಿಸಿದರೆ ಹೇಗೆ ಎಂಬ ಕುತೂಹಲ ಹುಟ್ಟಿಬಿಟ್ಟಿದೆ.

ನೀನು ತಿದ್ದಿಕೊಡಬೇಕು. ಇಲಿ ತಿಂದದ್ದನ್ನೂ ಬರೆದು ಕಳಿಸಬೇಕು.

ಅವ್ವ ನಿನ್ನ ಹೆಸರು ಎತ್ತುವುದಿಲ್ಲ. ಪುಸ್ತಕ ತೋರಿಸಿದಾಗ ಇಷ್ಟೇ ಅಂದಳು: “ಓದಿ ಮುಗದ ಮ್ಯಾಲೆ ಎಲ್ಲಿತ್ತೋ ಅಲ್ಲೇ ಇಡು.”

ಬೈದು ಬರೆದರೂ ಸರಿ, ಬರೆದದ್ದು ಬಂದರೆ ಸರಿ.

ನಿನ್ನ ತಮ್ಮ
ದಶರಥ


ವಿಜಾಪುರ
29 ಆಗಸ್ಟ್ 1960

ಪ್ರಿಯ ದಶರಥ,

ಕಾಗದ ಒಡೆಯುವ ಮೊದಲು ಕೂತುಕೊಂಡೆ. ಎರಡು ಸಲ ನಿಂತು ಒಡೆದಿದ್ದೆ.

ಇಲಿಯ ಮೊದಲಿನ ಪುಟಗಳನ್ನು ಇದರ ಜೊತೆ ಬರೆದಿಟ್ಟಿದ್ದೇನೆ. ನಕ್ಷತ್ರ ನೋಡಿಕೊಂಡು ಬಂದ ಪಂಡಿತರು ಮೂವರು ಎಂದು ಎಲ್ಲರೂ ಹೇಳುತ್ತಾರೆ, ನಮ್ಮ ಕ್ರೈಸ್ತ ಸಭೆಯ ಮಕ್ಕಳ ಆಟದಲ್ಲೂ ಮೂವರೇ. ಪುಸ್ತಕದಲ್ಲಿ ಎಷ್ಟು ಜನ ಎಂದು ಬರೆದಿಲ್ಲ. ಬರೆಯದೆ ಇರುವುದನ್ನು ಬರೆದಿದೆ ಎನ್ನಬಾರದು. ಅಷ್ಟು ನಿಯಮ ನೀನು ಒಪ್ಪಿದರೆ ತಿದ್ದುತ್ತೇನೆ. ಕೊನೆಯ ಪುಟಗಳು ಮುಂದಿನ ಸಲ. ಆಸ್ಪತ್ರೆಯಲ್ಲಿ ಈಗ ವಾಂತಿಭೇದಿಯ ರೋಗಿಗಳು ಬಹಳ, ನಾವು ನರ್ಸುಗಳ ಕೈಗೆ ಬಿಡುವಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಟದ ನೆಪದಲ್ಲಿ ನನ್ನನ್ನು ಟಿಕೋಟಕ್ಕೆ ಕರೆಯಬೇಡ. ಬೇರೆ ಮತದ ಕಂಪೌಂಡರನನ್ನು ಮದುವೆಯಾಗುತ್ತೇನೆಂದು ಹೊರಟ ದಿನ ಅವ್ವ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಮುಖ ಮಾಡಿ. ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಬಾಯಿಬಿಟ್ಟು ಕರೆದ ದಿನ ಬರುತ್ತೇನೆ. ಹನ್ನೆರಡು ಮೈಲಿ ಏನು ದೂರ?

ಪುಸ್ತಕವನ್ನು ಅವಳು ಇಟ್ಟುಕೊಂಡದ್ದು ನನಗೆ ಗೊತ್ತಿರಲಿಲ್ಲ.

ಚಂದ್ರಾಬಾಯಿ


ಟಿಕೋಟ
2 ಅಕ್ಟೋಬರ್ 1960

ಚಂದ್ರಕ್ಕ,

ನಿಯಮ ಒಪ್ಪಿದ್ದೇನೆ. ಪಂಡಿತರ ಗೊಡವೆ ಬೇಡ, ಆ ವೇಷಕ್ಕೆ ನಮಗೆ ಸಿಕ್ಕವರು ಇಬ್ಬರೇ. ಆಟದ ವಹಿಯನ್ನು ಮೋಟಾರಿನಲ್ಲಿ ಕಳಿಸಿದ್ದೇನೆ. ಕೊನೆಯ ಪುಟ ಕೈಯಲ್ಲಿ ಇಲ್ಲದ್ದರಿಂದ ಶಿಲುಬೆಯ ಹತ್ತಿರ ತಾಯಿ ಬರುವ ಪ್ರವೇಶವನ್ನು ನನಗೆ ತೋಚಿದಂತೆ ಬರೆದಿದ್ದೇನೆ.

ಈಗ ತಕರಾರುಗಳನ್ನು ಕೇಳು.

ಯೇಸುವಿನ ಪಾತ್ರಕ್ಕೆ ಬಬಲೇಶ್ವರದ ಶಿವಯೋಗೆಪ್ಪ ಸಿಕ್ಕಿದ್ದಾನೆ. ಕಿರಾಣಿ ಅಂಗಡಿಯವನು, ದನಿ ಒಳ್ಳೆಯದು. ಪಟ್ಟಣಕ್ಕೆ ಕತ್ತೆಯ ಮೇಲೆ ಬರಬೇಕು ಎಂದ ಕೂಡಲೇ ಎದ್ದು ನಿಂತ. “ಕತ್ತಿ ಮ್ಯಾಲ ಕೂಡಸೂದು ತಪ್ಪ ಮಾಡಿದವನ್ನ, ಮಾಸ್ತರ. ತಲಿ ಬೋಳಿಸಿ ಊರ ತುಂಬ ತಿರುಗಸ್ತಾರ. ನಾಳೆ ನನ್ನ ಅಂಗಡಿಗೆ ಯಾರ ಬರಬೇಕು?” ಕಡೆಗೆ ಟಾಂಗಾದ ಬಿಳಿ ಕುದುರೆ ಎಂದು ಠರಾವಾಗಿದೆ. ಕುದುರೆಗಿಂತ ಶಿವಯೋಗೆಪ್ಪನೇ ದಪ್ಪ ಎಂಬುದು ಬೇರೆ ಮಾತು.

ಎರಡನೆಯದು ಕಠಿಣ. ನೀನು ಸಣ್ಣಾಟ ಮರೆತಿರಲಿಕ್ಕಿಲ್ಲ. ಯಾವ ಪಾತ್ರ ಬಂದರೂ ಸಾರಥಿ ಅಡ್ಡ ನಿಂತು ‘ತಾವ್ಯಾರು, ಯಾವೂರು, ಯಾರ ಮಗ’ ಎಂದು ಕೇಳಲೇಬೇಕು. ಉತ್ತರ ಹೇಳದೆ ಪಾತ್ರಕ್ಕೆ ಒಳಗೆ ದಾರಿಯಿಲ್ಲ. ಸಾರಥಿ ನಾನೇ. ಕೇಳಿದೆ, ‘ಯಾರ ಮಗ?’ ತಾಲೀಮು ಅಲ್ಲೇ ನಿಂತುಹೋಯಿತು.

ಶಿವಯೋಗೆಪ್ಪ ‘ದೇವರ ಮಗ’ ಎಂದ. ತಾಯಿ ಮರಿಯಳ ಪಾತ್ರ ಮಾಡುವ ದರ್ಜಿ ಅಮರಪ್ಪ ಒಪ್ಪಲಿಲ್ಲ. “ಮೊದಲ ಮಾತಿಗೇ ದೇವರ ಮಗ ಅಂದ್ರ ಕೈ ಮುಗದು ಮನಿಗೆ ಹೋಗೂದು ಅಷ್ಟ. ಮುಂದ ಆಟ ಏನ ಉಳೀತು? ಬಡಿಗ್ಯಾ ಯೋಸೇಫನ ಮಗ ಅನ್ನು.” ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಅಬ್ದುಲಗನಿ, “ನಮ್ಮ ಕಡೆ ಅವರನ್ನ ಮರಿಯಮ್ಮನ ಮಗ ಅಂತಾರ್ರಿ” ಎಂದು ಬಾಯಿ ಹಾಕಿದ. ಮೂರು ಉತ್ತರ, ಮೂವರೂ ತತ್ತರ. ನಿನ್ನ ತೀರ್ಪು ಬರುವ ತನಕ ಯೇಸು ಬಾಗಿಲಲ್ಲೇ ನಿಂತಿದ್ದಾನೆ.

ತಾಲೀಮು ನಡೆಯುವುದು ನಮ್ಮ ಅಂಗಳದಲ್ಲೇ. ಅವ್ವ ಗೋಡೆಗೆ ಒರಗಿ ಕೂತು ಕೇಳುತ್ತಾಳೆ.

ದಶರಥ


ವಿಜಾಪುರ
15 ಅಕ್ಟೋಬರ್ 1960

ಪ್ರಿಯ ದಶರಥ,

ಅಬ್ದುಲಗನಿಯವರು ಗೆದ್ದರು. ಯೇಸುವಿನ ಸ್ವಂತ ಊರಿನವರೇ ಅವನನ್ನು ಹಗುರು ಮಾಡಿ, ಇವ ಮರಿಯಳ ಮಗ ಅಲ್ಲೇನು ಎಂದು ಮಾತಾಡಿಕೊಂಡದ್ದು ಮಾರ್ಕನ ಬರಹದಲ್ಲಿದೆ. ಇಲಿ ಮುಟ್ಟದ ಭಾಗ ಅದು. ಇಲಿ ತಿಂದದ್ದಕ್ಕಿಂತ ನೀನು ಓದದೆ ಬಿಟ್ಟದ್ದೇ ಹೆಚ್ಚು. ‘ಮರಿಯವ್ವನ ಮಗ’ ಎನ್ನಿಸು. ಸಭೆಯವರೂ ಆಕ್ಷೇಪಿಸಲಾರರು, ಅಬ್ದುಲಗನಿಯವರ ಕಡೆಯವರೂ ಆಕ್ಷೇಪಿಸಲಾರರು.

ಕತ್ತೆಯನ್ನು ಬಿಡಬೇಡ. ಶಿವಯೋಗೆಪ್ಪನವರಿಗೆ ಹೇಳು: ತಪ್ಪು ಮಾಡಿದವನನ್ನು ಕೂಡಿಸುವ ಪ್ರಾಣಿ ಎಂದು ಅವರಿಗೆ ಅನ್ನಿಸಿದರೆ, ಅದರ ಮೇಲೆ ತಾನಾಗಿ ಹತ್ತಿ ಬಂದ ಅರಸ ಎಂಥವನು ಎಂದು ಒಂದು ದಿನ ಯೋಚಿಸಲಿ.

ಶಿಲುಬೆಯ ತೀರ್ಪು ಕೊಡುವ ಪಿಲಾತನ ಬಾಯಲ್ಲಿ ‘ಕೈ ತೊಳಕೊಂಡೆ, ಕಳವಳ ಕಳಕೊಂಡೆ’ ಎಂದು ಬರೆದಿದ್ದೀ. ನಗಬಾರದೆಂದಿದ್ದೆ, ನಕ್ಕೆ. ಕಳವಳ ಹೋಯಿತೆಂದು ಪುಸ್ತಕ ಹೇಳುವುದಿಲ್ಲ. ಇರಲಿ ಬಿಡು, ಅವನು ಹಾಗೆ ತಿಳಿದಿರಬಹುದು.

ಕೊನೆಯ ಪುಟಗಳನ್ನು ಬರೆದು ಕಳಿಸಿದ್ದೇನೆ. ನೋಡು: ಶಿಲುಬೆಯ ಹತ್ತಿರ ಅವನ ತಾಯಿ ನಿಂತಿದ್ದಳು. ಮಗ ಅವಳಿಗೊಂದು ಮಾತು ಹೇಳಿದ, ಶಿಷ್ಯನಿಗೊಂದು ಮಾತು ಹೇಳಿದ. ಅವಳು ಆಡಿದ ಮಾತು ಒಂದೂ ಇಲ್ಲ. ನಿನ್ನ ವಹಿಯಲ್ಲಿ ಅವಳು ಕೂತು ಹಾಡುತ್ತಾಳೆ, ಅದೂ ಬುತ್ತಿಯ ಮಾತು. ಅಲ್ಲಿ ಬುತ್ತಿ ಎಲ್ಲಿಂದ ಬಂತು?

ಇನ್ನೊಂದು. ನಲವತ್ತು ಪುಟದ ವಹಿಯಲ್ಲಿ ಕಾವಲುಗಾರನೂ ಪ್ರಾಸದಲ್ಲೇ ಕೆಮ್ಮುತ್ತಾನೆ. ಮರಿಯವ್ವನ ಐದು ಸಾಲಿಗೆ ಮಾತ್ರ ಪ್ರಾಸವಿಲ್ಲ. ಯಾಕೆ?

ಚಂದ್ರಾಬಾಯಿ


ಟಿಕೋಟ
17 ನವೆಂಬರ್ 1960

ಚಂದ್ರಕ್ಕ,

ಮೊನ್ನೆ ಬಬಲೇಶ್ವರದಲ್ಲಿ ಆಟ ಆಯಿತು. ಜನ ಕೂತಲ್ಲಿಂದ ಏಳಲಿಲ್ಲ. ಒಪ್ಪಿ ಕೂತವರು ಅರ್ಧ, ಜಗಳ ತೆಗೆಯಲು ಕೂತವರು ಅರ್ಧ.

ಕತ್ತೆ ಬಂತು. ನಿನ್ನ ಕಾಗದವನ್ನು ಶಿವಯೋಗೆಪ್ಪನಿಗೆ ಓದಿ ಹೇಳಿದ್ದೆ; ಒಂದು ದಿನ ಅಲ್ಲ, ಒಂದು ವಾರ ಯೋಚಿಸಿದ. ಆಮೇಲೆ ತಾನೇ ಅಗಸರ ಓಣಿಗೆ ಹೋಗಿ ಕತ್ತೆ ಆರಿಸಿ ಬಂದ. ಖರ್ಜೂರದ ಗರಿ ಸಿಗಲಿಲ್ಲವೆಂದು ಜನ ಜೋಳದ ದಂಟು ಹಿಡಿದು ಜಯಜಯ ಎಂದರು. ಕತ್ತೆ ಆ ಸ್ವಾಗತವನ್ನೇ ತಿಂದಿತು.

‘ಯಾರ ಮಗ?’ ಎಂದೆ. ‘ಮರಿಯವ್ವನ ಮಗ’ ಎಂದ. ಹೆಂಗಸರು ಕೂತ ಕಡೆಯಿಂದ ‘ಹೌದಲಾ’ ಎಂದು ದನಿ ಬಂತು.

ಮರುದಿನ ಮುಂಜಾನೆ ಚಹದಂಗಡಿಯಲ್ಲಿ ಪಂಚಾಯ್ತಿ ಸೇರಿತು. ಗುರು ಶಿಷ್ಯರ ಕಾಲು ತೊಳೆದದ್ದನ್ನು ಕಾಖಂಡಕಿಯ ಮುದುಕನೊಬ್ಬ ಒಪ್ಪಲೇ ಇಲ್ಲ. “ಇದ ಮಾಸ್ತರ ಹಚ್ಚಿದ್ದು. ಯಾವ ಪುಸ್ತಕದಾಗ ಇರ್ತೈತಿ ಹಿಂತಾದ್ದು?” ಪುಸ್ತಕ ತೆಗೆದು ತೋರಿಸಿದೆ. “ಹಂಗಾರ ಬರದವ್ನ ತಪ್ಪ ಬರದಾನ.” ಸಾರವಾಡದವನೊಬ್ಬ, ಸಂಜೆ ಬಂದ ಕೂಲಿಗೂ ಮುಂಜಾನೆ ಬಂದ ಕೂಲಿಗೂ ಒಂದೇ ಪಗಾರ ಎಂಬ ಕಥೆಗೆ ಸಿಟ್ಟಾಗಿ, “ಹಿಂಗ ಹೇಳಿದ್ರ ನಾಳೆ ಮುಂಜಾನೆ ನನ್ನ ಹೊಲಕ್ಕ ಯಾರ ಬರ್ತಾರ್ರಿ?” ಎಂದ. ಅಂತೂ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಅವರು ನನ್ನ ತಲೆಗೆ ಕಟ್ಟಿದರು.

ಆದರೆ ಅಕ್ಕ, ಅಮರಪ್ಪ ಬುತ್ತಿಯ ಹಾಡು ಹಾಡಿದಾಗ ಯಾರೂ ಕೆಮ್ಮಲಿಲ್ಲ. ಚಹದಂಗಡಿಯಲ್ಲಿ ಅದರ ಬಗ್ಗೆ ಯಾರೂ ಒಂದು ಪ್ರಶ್ನೆ ಎತ್ತಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಅದೊಂದೇ.

ಪ್ರಾಸದ ವಿಷಯ: ಎಲ್ಲಕ್ಕೂ ಪ್ರಾಸ ಕೂಡುವುದಿಲ್ಲ, ಇಷ್ಟು ಸಾಕು.

ದಶರಥ


ವಿಜಾಪುರ
24 ನವೆಂಬರ್ 1960

ಪ್ರಿಯ ದಶರಥ,

ಆಟದ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಬಂತು. ನಮ್ಮ ಸಭೆಯ ಹಿರಿಯರು ಮನೆಗೆ ಬಂದಿದ್ದರು. ಡಿಸೆಂಬರ್ 28ಕ್ಕೆ ಆಸ್ಪತ್ರೆಯ ಕಂಪೌಂಡಿನಲ್ಲಿ ಆಡಿರಿ, ಮಧ್ಯಾಹ್ನ ಮೂರಕ್ಕೆ ಸುರು ಮಾಡಿ ದೀಪ ಹಚ್ಚುವುದರೊಳಗೆ ಮುಗಿಸಿರಿ ಎಂದಿದ್ದಾರೆ. ಕತ್ತೆಗೆ ಅಡ್ಡಿಯಿಲ್ಲ, ಸಾರಥಿಗೂ ಅಡ್ಡಿಯಿಲ್ಲ. ಆದರೆ ತಾಯಿಯ ಹಾಡು ಬೇಡ. “ಶಿಲುಬಿಗೆ ಹೋಗಾವ್ರಿಗೆ ಬುತ್ತಿ ಯಾಕ ಬೇಕ್ರಿ ಸಿಸ್ಟರ್? ಪುಸ್ತಕದಾಗ ಐತೇನು?” ಎಂದು ಕೇಳಿದರು. ಇಲ್ಲ ಎಂದೆ. ವಹಿಯನ್ನು ನಾನೇ ನೋಡಿ, ಎಲ್ಲ ಪುಸ್ತಕದಂತೆ ಇದೆ ಎಂದು ಕೊನೆಯ ಪುಟದಲ್ಲಿ ರುಜು ಹಾಕಬೇಕಂತೆ.

ಹಾಕಲು ಕೂತಿದ್ದೇನೆ. ಹಾಡಿನ ಹತ್ತಿರ ಬಂದು ಕೈ ನಿಲ್ಲುತ್ತದೆ.

‘ಬುತ್ತಿ ಕಟ್ಟಬೇಕಿತ್ತು. ಬಿಸಿಲಾಗ ಹೊಂಟಾನ. ತಲಿಮ್ಯಾಲೆ ಬಟ್ಟಿ ಹಾಕ್ಕೊಂಡಾನೋ ಇಲ್ಲೋ. ನಾ ತಿರುಗಿ ನೋಡಲಿಲ್ಲ. ನೋಡಿದ್ರ ಕರೀತಿದ್ದೆ.’

ಶಿಲುಬೆಯ ಹತ್ತಿರ ನಿಂತ ತಾಯಿ ತಿರುಗಿ ನೋಡಲಿಲ್ಲ ಎಂದರೆ ಹೇಗೆ? ಅವಳು ಎದುರಿಗೇ ನಿಂತು ನೋಡುತ್ತಿದ್ದಳಲ್ಲ. ನಿನ್ನನ್ನು ಸಣ್ಣಂದಿನಿಂದ ಬಲ್ಲೆ. ಜ್ವರ ಬಂದಾಗಲೂ ಪ್ರಾಸದಲ್ಲಿ ನರಳುತ್ತಿದ್ದವ ನೀನು. ಇದು ನೀನು ಬರೆದದ್ದಲ್ಲ. ಯಾರದು?

ಚಂದ್ರಾಬಾಯಿ


ಟಿಕೋಟ
5 ಡಿಸೆಂಬರ್ 1960

ಅಕ್ಕ,

ನೀನು ಹೋದ ದಿನ ನನಗೆ ಹತ್ತೊಂಬತ್ತು ವರ್ಷ. ಅಪ್ಪನ ಹೆದರಿಕೆಗೆ ಹಿತ್ತಲಲ್ಲಿ, ಅಡಿಗೆಮನೆಯ ಬಾಗಿಲ ಹತ್ತಿರ, ಕಟ್ಟಿಗೆಯ ಒಟ್ಟಿಲ ಹಿಂದೆ ಕೂತಿದ್ದೆ. ನಿನ್ನ ಟಾಂಗಾ ಹೋದ ಮೇಲೆ ಅವ್ವ ಬಾಗಿಲು ಬಿಟ್ಟು ಅಡಿಗೆಮನೆಗೆ ಬಂದಳು. ಮುಂಜಾನೆ ಬಡಿದ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇದ್ದವು. ಒಂದು ರೊಟ್ಟಿ ಕೈಯಲ್ಲಿ ಹಿಡಿದು, ಒಲೆಗೆ ಹೇಳುವವಳ ಹಾಗೆ ಹೇಳಿದಳು. ನೀನು ಬರೆದು ಕಳಿಸಿದ ಐದು ಸಾಲು ಅವೇ. ‘ಹೊಂಟಾಳ’, ‘ಹಾಕ್ಕೊಂಡಾಳೋ’ ಅನ್ನುವುದನ್ನು ‘ಹೊಂಟಾನ’, ‘ಹಾಕ್ಕೊಂಡಾನೋ’ ಮಾಡಿದೆ, ‘ಸೆರಗು’ ಅನ್ನುವುದನ್ನು ‘ಬಟ್ಟಿ’ ಮಾಡಿದೆ. ಬೇರೆ ಏನೂ ಮುಟ್ಟಿಲ್ಲ. ಪ್ರಾಸ ಹಾಕಲು ಕೂತಿದ್ದೆ, ಆಗಲಿಲ್ಲ.

ಆಮೇಲೆ ರೊಟ್ಟಿಯನ್ನು ಬುಟ್ಟಿಗೆ ಇಟ್ಟು ನೀರಿಗೆ ಹೋದಳು. ಇಪ್ಪತ್ತಾರು ವರ್ಷ ಮತ್ತೆ ಆ ಮಾತಿಲ್ಲ.

ನನಗೆ ಕೇಳಿಸಿತ್ತೆಂದು ಅವ್ವನಿಗೆ ಗೊತ್ತಿಲ್ಲ, ಅಥವಾ ಗೊತ್ತಿರಲಿಲ್ಲ. ಮೊದಲ ಸಲ ಅಮರಪ್ಪ ಅಂಗಳದಲ್ಲಿ ಹಾಡಿದಾಗ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಆಕೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ.

ಇಲಿ ಆ ಪುಟವನ್ನು ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಗ ನೀನು ಹೇಳಿದಂತೆ. ರುಜು ನಿನ್ನದು.

ದಶರಥ


ವಿಜಾಪುರ
16 ಡಿಸೆಂಬರ್ 1960

ದಶರಥ,

ಹಾಡು ಇರಲಿ. ಹಿರಿಯರೊಡನೆ ಮಾತಾಡಿದ್ದೇನೆ. ಅವರು ಒಪ್ಪಿಲ್ಲ, ಆದರೆ ಸುಮ್ಮನಾಗಿದ್ದಾರೆ. ವಹಿಗೆ ರುಜು ಹಾಕಿ ಮೋಟಾರಿಗೆ ಕೊಟ್ಟಿದ್ದೇನೆ.

ಅದು ಹಾಡುವ ಹೊತ್ತಿಗೆ ನಾನು ಮುಂದಿನ ಸಾಲಿನಲ್ಲಿ ಕೂಡುವುದಿಲ್ಲ. ಬೇವಿನ ಗಿಡದ ಕೆಳಗೆ ನಮ್ಮ ಹೆಂಗಸರ ಚಾಪೆ ಇರುತ್ತದೆ, ಅಲ್ಲಿರುತ್ತೇನೆ.

ಚಂದ್ರಾಬಾಯಿ


ಟಿಕೋಟ
22 ಡಿಸೆಂಬರ್ 1960

ಅಕ್ಕ,

ವಹಿ ಬಂತು, ರುಜು ಕಂಡೆ. ಆದರೆ ಹಾಡು ಹೋಯಿತು. ತೆಗೆಸಿದ್ದು ನಿನ್ನ ಹಿರಿಯರಲ್ಲ, ಹಾಡಿನ ಒಡತಿ.

ನಿನ್ನೆ ನಿನ್ನ ಕಾಗದವನ್ನು ನಾನು ನನ್ನಾಕೆ ರೇಣವ್ವನಿಗೆ ಓದಿ ಹೇಳುತ್ತಿದ್ದೆ. ಅವ್ವ ಬಾಗಿಲಲ್ಲಿದ್ದಳು. ನಾನು ಓದಿ ಮುಗಿಸಿದ ಮೇಲೆ ಬಂದು ಕೂತಳು.

“ಆಟ ನೋಡಾಕ ಅಕಿ ಬರ್ತಾಳೇನು?”

ಬರುತ್ತಾಳೆ ಎಂದೆ.

“ಹಂಗಾರ ಆ ಮಾತ ತಗಿ. ಒಲಿ ಮುಂದ ಆಡಿದ್ದು ಅದು, ಊರ ಮುಂದ ಅಲ್ಲ. ಅಕಿಗೆ ಹೇಳೂದಿತ್ತಂದ್ರ ಅಮರಪ್ಪನ ಬಾಯಾಗ ಯಾಕ ಹೇಳಸಲಿ?”

ನಾನು ವಹಿ ತೆಗೆದು ಆ ಐದು ಸಾಲಿಗೆ ಗೀಟು ಎಳೆದೆ. ಅವಳೇ ಮತ್ತೆ, “ನಾನೂ ಬರ್ತೀನಿ. ಚೀಟಿ ತಗಸು” ಎಂದಳು.

ಅವ್ವ ಮೋಟಾರು ಹತ್ತಿ ಹದಿನೈದು ವರ್ಷ ಆಗಿರಬೇಕು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಮುಖದ ಗುರುತು ಹತ್ತುವುದಿಲ್ಲ, ದನಿಯ ಗುರುತು ಹತ್ತುತ್ತದೆ. ರೇಣವ್ವ ಕೈ ಹಿಡಿದು ಕರೆತರುತ್ತಾಳೆ. ಎಲ್ಲಿ ಕೂಡಿಸಬೇಕೆಂದು ನಾನು ರೇಣವ್ವನಿಗೆ ಹೇಳಿಲ್ಲ. ಬೇವಿನ ಗಿಡ ಒಂದೇ ಇದೆ ಎಂದಷ್ಟೇ ಹೇಳಿದ್ದೇನೆ.

ನಾನು ಸಾರಥಿ, ಅವತ್ತು ನಾನು ಕೇಳಬಹುದಾದದ್ದು ವೇಷ ಹಾಕಿದವರನ್ನು ಮಾತ್ರ.

ದಶರಥ


ವಿಜಾಪುರ
30 ಡಿಸೆಂಬರ್ 1960

ಪ್ರೀತಿಯ ದಶರಥ,

ಆಟ ಮುಗಿದ ಮೇಲೆ ನೀವೆಲ್ಲ ಕತ್ತೆಯ ಹಿಂದೆ ಸ್ಟೇಶನ್ ದಾರಿಗೆ ಓಡಿದಿರಿ. ಅದು ಸಿಕ್ಕಿತೆಂದು ಕೇಳಿದೆ. ನೀವು ಹೋದಾಗ ಇಲ್ಲಿ ಆದದ್ದನ್ನು ಬರೆಯುತ್ತೇನೆ. ಎದುರಿಗೆ ಹೇಳಲು ಬರಲಿಲ್ಲ.

ರೇಣವ್ವ ಅವ್ವನನ್ನು ನನ್ನ ಚಾಪೆಯ ತುದಿಗೆ ಕೂಡಿಸಿ, ನೀರು ತರುತ್ತೇನೆಂದು ಹೋದವಳು ಆಟ ಮುಗಿಯುವ ತನಕ ಬರಲಿಲ್ಲ. ಇಷ್ಟು ದೂರದ ನೀರು ನಮ್ಮ ಕಂಪೌಂಡಿನಲ್ಲಿ ಇಲ್ಲ. ಅವ್ವ ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಕೂತಿದ್ದಳು. ಸಣ್ಣಗಾಗಿದ್ದಾಳೆ. ನಾನು ಬಾಯಿ ಬಿಡಲಿಲ್ಲ. ದನಿಯ ಗುರುತು ಹತ್ತುತ್ತದೆಂದು ನೀನು ಬರೆದಿದ್ದೆಯಲ್ಲ, ಅದರ ಹೆದರಿಕೆ. ಪಕ್ಕದವರು ಮಾತಾಡಿಸಿದರೆ ತಲೆ ಅಲ್ಲಾಡಿಸಿದೆ.

ಶಿಲುಬೆ ಬಂತು. ಅಮರಪ್ಪನವರು ನಿಂತರು. ಹಾಡು ಇದ್ದಲ್ಲಿ ಹಾಡಿಲ್ಲ. ಅಬ್ದುಲಗನಿಯವರು ಒಂದೇ ಸ್ವರ ಹಿಡಿದಿದ್ದರು. ಹಿರಿಯರು ತಪ್ಪು ಹಿಡಿಯಲೆಂದು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕೂತವರು ಪುಸ್ತಕ ನೋಡುವುದನ್ನೇ ಮರೆತರು. ಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಆದರೂ ನಾನು ಆ ಐದು ಸಾಲಿಗೆ ಕಾದು ಕೂತಿದ್ದೆ.

ಆಗ ಅವ್ವ, ಯಾರಿಗೂ ಅಲ್ಲದಂತೆ, ಅಂದಳು: “ಅಂದಿರ್ತಾಳ ಅಕಿ. ಬರದವರಿಗೆ ಕೇಳಿಸಿಲ್ಲ.”

ಜನ ಎದ್ದರು. ಚಾಪೆಯ ಮೇಲೆ ನಾವಿಬ್ಬರೇ ಉಳಿದೆವು. ಅವ್ವ ನನ್ನ ಕಡೆ ತಿರುಗಿದಳು, ಪೂರ್ತಿ ತಿರುಗಿದಳು. ಕಣ್ಣಿಗೆ ಏನು ಕಂಡಿತೋ ಗೊತ್ತಿಲ್ಲ.

“ಯಾರ ಬೇ ನೀ? ಯಾವೂರು? ಯಾರ ಮಗಳು?”

ನೀನು ಕೇಳುವ ಧಾಟಿಯಲ್ಲೇ ಕೇಳಿದಳು, ದಶರಥ. ಮೂರು ತಿಂಗಳು ಗೋಡೆಗೆ ಒರಗಿ ಕೇಳಿದ್ದಳಲ್ಲ. ಇದಕ್ಕೆ ಉತ್ತರ ಹೇಳದೆ ದಾರಿಯಿಲ್ಲ.

“ಟಿಕೋಟದಾಕಿ,” ಅಂದೆ. “ಮಾಳವ್ವನ ಮಗಳು.”

ಅವ್ವ ತೊಡೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಎತ್ತಿ ನನ್ನ ಉಡಿಯಲ್ಲಿ ಇಟ್ಟಳು. ಒಳಗೆ ರೊಟ್ಟಿ ಇದ್ದವು.

“ಹಂಗಾರ ತಗೋ. ಬಿಸಲೈತಿ, ತಲಿಮ್ಯಾಲೆ ಸೆರಗ ಹಾಕ್ಕೊ.”

ಹೊತ್ತು ಮುಳುಗಿತ್ತು, ಬಿಸಿಲು ಎಲ್ಲೂ ಇರಲಿಲ್ಲ. ಸೆರಗು ಹಾಕಿಕೊಂಡೆ.

ನಿನ್ನ ಅಕ್ಕ
ಚಂದ್ರವ್ವ